ಕೋಲಾರದ ಕಲ್ಲಲ್ಲಿ ತಮಿಳು: ಓದಿ ನೋಡಿದ್ರೆ ನಮ್ಮೂರೇ!

ಬೆಂಗಳೂರಿನಿಂದ ಕೋಲಾರಕ್ಕೆ ಸುಮಾರು 70 ಕಿಲೋಮೀಟರ್. ಬೆಳಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಕೋಲಾರಮ್ಮನ ಗುಡಿ ಮುಂದೆ ಇರ್ತೀರಿ. ದರ್ಶನ ಮುಗಿಸಿ, ಚೇಳಮ್ಮನಿಗೂ ಕೈಮುಗಿದು, ಒಂದೆರಡು ಫೋಟೊ ತೆಗೆದುಕೊಂಡು ವಾಪಸ್. ಆ ಫೋಟೊಗಳನ್ನ ಒಮ್ಮೆ ಜೂಮ್ ಮಾಡಿ. ಗೋಡೆ ಮೇಲೆ, ಪಾಯದ ಪಟ್ಟಿಕೆ ಮೇಲೆ, ಸಾಲು ಸಾಲಾಗಿ ಅಕ್ಷರ ಕಾಣಿಸುತ್ತೆ. ಕನ್ನಡ ಅಲ್ಲ. ತೆಲುಗೂ ಅಲ್ಲ. ತಮಿಳು.

ಅದನ್ನ ನೋಡಿದವರ ಬಾಯಲ್ಲಿ ಸಾಮಾನ್ಯವಾಗಿ ಎರಡೇ ಮಾತು ಬರುತ್ತೆ. ಒಂದು, 'ಓ, ಇದು ತಮಿಳರ ದೇವಸ್ಥಾನ'. ಇನ್ನೊಂದು, 'ನಮ್ಮೂರಲ್ಲಿ ತಮಿಳು ಯಾಕೆ?' ಎರಡರಲ್ಲೂ ಒಂದೇ ಎಡವಟ್ಟಿದೆ. ಅಕ್ಷರ ನೋಡಿ ಮಾತಾಡ್ತೀವಿ, ಒಳಗೆ ಏನು ಬರೆದಿದೆ ಅಂತ ಓದೋದೇ ಇಲ್ಲ. ಓದಿದರೆ ಅಲ್ಲಿ ಸಿಗೋದು ಕೋಲಾರದ ಕೆರೆ, ಕೋಲಾರದ ಗದ್ದೆ, ಕೋಲಾರದ ಗೌಡ. ನಮ್ಮ ಪಹಣಿ, ಖಾತೆಗಳ ಸಾವಿರ ವರ್ಷದ ಹಿಂದಿನ ರೂಪ ಅದು. ಬೇರೆ ಲಿಪಿಯಲ್ಲಿದೆ, ಅಷ್ಟೇ.

ಕುವಳಾಲದಿಂದ ಕೋಲಾರ

ಕೋಲಾರದ ಹಳೇ ಹೆಸರು ಕುವಳಾಲ. ಗಂಗ ಅರಸರ ಮೂಲ ನೆಲೆ ಇದೇ. ರಾಜಧಾನಿ ತಲಕಾಡಿಗೆ ಹೋದಮೇಲೂ ಅವರು 'ಕುವಳಾಲಪುರವರೇಶ್ವರ' ಅನ್ನೋ ಬಿರುದು ಬಿಡಲಿಲ್ಲ. ಎಷ್ಟು ವರ್ಷ ಬೆಂಗಳೂರಲ್ಲಿದ್ದರೂ ಹೆಸರಿನ ಮುಂದೆ ಊರಿನ ಇನಿಷಿಯಲ್ ಇಟ್ಟುಕೊಳ್ತೀವಲ್ಲ, ಹಾಗೆ.

ಆ ಕಾಲದ ಶಾಸನಗಳು ಕನ್ನಡದವು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ತ್ರಿಭುವನಕರ್ತರದೇವ ಅನ್ನೋ ಗುರುವೊಬ್ಬರ ಶಾಸನ ಇದೆ. 40 ವರ್ಷ ಆವಣಿಯ ಸ್ಥಾನವನ್ನು ನಡೆಸಿ, 50 ದೇವಸ್ಥಾನ ಮತ್ತು 2 ದೊಡ್ಡ ಕೆರೆ ಕಟ್ಟಿಸಿ, 961ರಲ್ಲಿ ತೀರಿಕೊಂಡರು ಅಂತ ಅದು ಹೇಳುತ್ತೆ. ಒಬ್ಬ ಮನುಷ್ಯನ ಇಡೀ ಸರ್ವಿಸ್ ರೆಕಾರ್ಡ್ ಒಂದೇ ಕಲ್ಲಿನ ಮೇಲೆ!

ಇದಾಗಿ ಅರ್ಧ ಶತಮಾನದೊಳಗೆ ಚಿತ್ರ ಬದಲಾಯಿತು. ತಂಜಾವೂರಿನ ಚೋಳರು ಘಟ್ಟ ಹತ್ತಿ ಮೇಲಕ್ಕೆ ಬಂದರು. ರಾಜರಾಜನ ಕಾಲದಲ್ಲಿ, 1004ರ ಸುಮಾರಿಗೆ, ತಲಕಾಡೂ ಅವರ ಕೈಸೇರಿತು. ಕೋಲಾರದ ಸೀಮೆಗೆ 'ನಿಗರಿಲಿ ಚೋಳಮಂಡಲ' ಅಂತ ಹೊಸ ಹೆಸರು ಬಿತ್ತು. ನಿಗರಿಲಿ ಅಂದ್ರೆ ಸಾಟಿಯಿಲ್ಲದವನು. ಚೋಳ ರಾಜನ ಬಿರುದು. ಮೇಲಿನ ಬೋರ್ಡು ಬದಲಾಯಿತು ನಿಜ. ಆದರೆ ಕೆಳಗಿನ ಹೆಸರು ಬದಲಾಗಲಿಲ್ಲ. ತಮಿಳು ಶಾಸನಗಳಲ್ಲೂ ಈ ನಾಡು 'ಕುವಳಾಲ ನಾಡು' ಆಗಿಯೇ ಉಳಿಯಿತು.

ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿರೋದು ಆ ಕಾಲದ ಕಡತ. ತಮಿಳಿನಲ್ಲಿ ಈ ದೇವಿ 'ಪಿಡಾರಿ', ಅಂದ್ರೆ ಊರನ್ನು ಕಾಯುವ ಅಮ್ಮ. ಇಟ್ಟಿಗೆಯಲ್ಲಿದ್ದ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ರಾಜೇಂದ್ರ ಚೋಳನ ಕಾಲದಲ್ಲಿ (ಅವನ ಆಳ್ವಿಕೆ 1014ರಿಂದ 1044) ಅನ್ನೋದು ಗೊತ್ತಾಗಿರೋದು ಈ ಬರಹಗಳಿಂದಲೇ. ಮುಂದೆ ಮೊದಲನೇ ಕುಲೋತ್ತುಂಗನ ಕಾಲದ ಶಾಸನವೊಂದು ಗುಡಿಯ ಸಿಬ್ಬಂದಿ ಯಾರು, ನಿತ್ಯದ ಖರ್ಚೆಷ್ಟು, ಯಾರಿಗೆ ಎಷ್ಟು ಭತ್ತ ಅಂತ ಲೆಕ್ಕ ಬರೆಸಿದೆ. ರಾಜನ ಹೊಗಳಿಕೆ ಮುಗಿದ ಮೇಲೆ ಶುರುವಾಗೋದು ಊರಿನ ವ್ಯವಹಾರ. ನಮಗೆ ಬೇಕಾದ ಸರಕೂ ಅಲ್ಲೇ ಇರೋದು.

ಗಾಮುಂಡನ್ ಯಾರು?

ಕೋಲಾರ, ಬೆಂಗಳೂರು ಸೀಮೆಯ ತಮಿಳು ಶಾಸನಗಳಲ್ಲಿ ಪದೇ ಪದೇ ಸಿಗೋ ಪದ 'ಗಾಮುಂಡನ್'. ದಾನ ಕೊಟ್ಟವನು ಗಾಮುಂಡನ್, ಕೆರೆ ಕಟ್ಟಿಸಿದವನು ಗಾಮುಂಡನ್, ಜಮೀನಿನ ಗಡಿಗೆ ಸಾಕ್ಷಿ ನಿಂತವನೂ ಗಾಮುಂಡನ್. ಯಾರಿವನು? ಹಳಗನ್ನಡದ 'ಗಾಮುಂಡ', 'ಗಾವುಂಡ'. ಇವತ್ತಿನ ನಮ್ಮ ಗೌಡ್ರು!

ರಾಜ ಬದಲಾದ, ಕಚೇರಿ ಭಾಷೆ ಬದಲಾಯಿತು, ಆದರೆ ಊರಿನ ಯಜಮಾನಿಕೆ ಅದೇ ಗೌಡರ ಕೈಯಲ್ಲಿತ್ತು. ಅವರ ಹೆಸರಿನ ಹಿಂದೆ ಚೋಳ ರಾಜನ ಹೆಸರು ಅಂಟಿಕೊಂಡಿತು. 'ಇಂಥ ಚೋಳ ಗಾಮುಂಡನ್' ಅಂತ ಕರೆಸಿಕೊಳ್ಳೋದು ಆಗಿನ ಕಾಲದ ಗೌರವ. ಪದದ ಕೊನೆಗೆ ತಮಿಳಿನ 'ನ್' ಸೇರಿತು. ಮನುಷ್ಯ ಅವನೇ.

ಅಳತೆಯ ಮಾತೂ ಹಾಗೇ. ಈ ಭಾಗದ ತಮಿಳು ಶಾಸನಗಳಲ್ಲಿ 'ಕಂಡಗ' ಬರುತ್ತೆ. ಎಷ್ಟು ಕಂಡಗ ಬೀಜ ಬಿತ್ತುವ ಗದ್ದೆ ಅನ್ನೋದು ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿದ್ದ ಲೆಕ್ಕವೇ. ಭಾಷೆ ಮೇಲಿನಿಂದ ಬಂದರೂ, ನೆಲದ ಹತ್ತಿರ ಬಂದಾಗ ಬರಹಗಾರ ಊರಿನವರ ಪದವನ್ನೇ ಹಿಡಿಯಬೇಕಾಯಿತು. ಇಲ್ಲಾಂದ್ರೆ ಗಡಿ ತಕರಾರು ಗ್ಯಾರಂಟಿ.

ಸರಿ, ಚೋಳರು ಹೋದಮೇಲೆ ತಮಿಳೂ ಹೋಯ್ತಾ? ಇಲ್ಲ, ಇಲ್ಲೇ ಕತೆ ಸ್ವಾರಸ್ಯವಾಗೋದು. ಹೊಯ್ಸಳ ವಿಷ್ಣುವರ್ಧನ 1116–17ರ ಹೊತ್ತಿಗೆ ತಲಕಾಡನ್ನು ಗೆದ್ದು ಚೋಳರನ್ನು ಹಿಮ್ಮೆಟ್ಟಿಸಿದ. ಹೊಯ್ಸಳರು ಅಪ್ಪಟ ಕನ್ನಡದ ಅರಸರು. 13ನೇ ಶತಮಾನದಲ್ಲಿ ಸೋಮೇಶ್ವರನ ನಂತರ ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಕೆಯಾಯಿತು. ದೋರಸಮುದ್ರ 3ನೇ ನರಸಿಂಹನಿಗೆ, ತಮಿಳು ನಾಡಿನ ಭಾಗ ಮತ್ತು ಕೋಲಾರದ ಕಡೆ ರಾಮನಾಥನಿಗೆ. ಈ ರಾಮನಾಥ ಕೋಲಾರ ಸೀಮೆಯಲ್ಲಿ ಹಾಕಿಸಿದ ಶಾಸನಗಳಲ್ಲಿ ಬಹಳಷ್ಟು ತಮಿಳಿನವು. ಅವನ ನಂತರ ರಾಜ್ಯವನ್ನು ಮತ್ತೆ ಒಂದು ಮಾಡಿದ 3ನೇ ಬಲ್ಲಾಳನೂ ಈ ಭಾಗಕ್ಕೆ ತಮಿಳಲ್ಲೇ ಆಜ್ಞೆ ಕಳಿಸಿದ್ದಾನೆ.

ಕನ್ನಡದ ರಾಜ ಕನ್ನಡದ ಗೌಡನಿಗೆ ತಮಿಳಲ್ಲಿ ಬರೆಸಿದ! ವಿಚಿತ್ರ ಅನಿಸುತ್ತಾ? ಕನ್ನಡದ ಮಾಲೀಕರು ಕನ್ನಡದ ಉದ್ಯೋಗಿಗೆ ಇಂಗ್ಲಿಷಲ್ಲಿ ಆಫರ್ ಲೆಟರ್ ಕೊಡೋದು ನಮಗೆ ವಿಚಿತ್ರ ಅನಿಸೋದಿಲ್ಲವಲ್ಲ. ದಫ್ತರಿನ ಭಾಷೆ ಒಂದು ಸಲ ಕೂತರೆ ಏಳೋಕೆ ತಲೆಮಾರುಗಳೇ ಬೇಕು. ಕಲ್ಲಿನ ಮೇಲಿರೋ ಲಿಪಿಯಿಂದ 'ಈ ನೆಲ ಯಾರದು' ಅಂತ ತೀರ್ಮಾನ ಮಾಡೋದಕ್ಕೆ ಆಗೋದಿಲ್ಲ, ಯಾವ ಕಡೆಯಿಂದಲೂ ಆಗೋದಿಲ್ಲ. ಕೋಲಾರ ತಮಿಳರದ್ದು ಅನ್ನೋದಕ್ಕೂ ಅದು ಸಾಕ್ಷಿಯಲ್ಲ, ತಮಿಳು ಇಲ್ಲಿಗೆ ಸಂಬಂಧವೇ ಇಲ್ಲ ಅನ್ನೋದಕ್ಕೂ ಅಲ್ಲ.

ಬೆಂಗಳೂರಿನವರಿಗೂ ಒಂದು ಉದಾಹರಣೆ. ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಯಲ್ಲಿ 1247ರ ತಮಿಳು ಶಾಸನವಿದೆ. ಅದರಲ್ಲಿ 'ವೆಂಗಳೂರಿ'ನ ದೊಡ್ಡ ಕೆರೆಯ ಕೆಳಗಿನ ಜಮೀನಿನ ಮಾತು ಬರುತ್ತೆ. ಸಿಲ್ಕ್ ಬೋರ್ಡ್ ಜಾಮಲ್ಲಿ ಸಿಕ್ಕಿಹಾಕಿಕೊಂಡಾಗ ನೆನಪಿಸಿಕೊಳ್ಳಿ, ಪಕ್ಕದಲ್ಲೇ ನಿಮ್ಮ ಊರಿನ ಹಳೇ ರೆವಿನ್ಯೂ ರೆಕಾರ್ಡ್ ಇದೆ. ಯಲಹಂಕ ನಾಡು ತಮಿಳು ಶಾಸನಗಳಲ್ಲಿ 'ಇಲೈಪಾಕ್ಕ ನಾಡು' ಆಗಿದೆ.

18 ವ್ಯಂಜನ, 247 ಅಕ್ಷರ

ತಮಿಳು ಓದೋದು ಕಷ್ಟ ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿರ್ತೀವಿ. ನಿಜ ಏನಂದ್ರೆ, ಕನ್ನಡದ 49 ಅಕ್ಷರ ಕಲಿತವರಿಗೆ ತಮಿಳಿನ ವರ್ಣಮಾಲೆ ಅರ್ಧ ಸಿಲಬಸ್. ಸ್ವರ 12, ವ್ಯಂಜನ 18, 'ಆಯ್ದಂ' ಅನ್ನೋ ವಿಶೇಷ ಅಕ್ಷರ 1. ತಮಿಳರು 247 ಅಂತ ಹೇಳೋದು ಇವುಗಳ ಜೊತೆ ಕಾಗುಣಿತದ 216 ರೂಪಗಳನ್ನೂ (18 × 12) ಸೇರಿಸಿ.

ಇಷ್ಟು ಕಡಿಮೆ ವ್ಯಂಜನ ಹೇಗೆ ಸಾಕಾಗುತ್ತೆ? ನಮ್ಮ ಕ, ಖ, ಗ, ಘ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರ. ಟ ಮತ್ತು ಡ ಒಂದೇ, ತ ಮತ್ತು ದ ಒಂದೇ, ಪ ಮತ್ತು ಬ ಒಂದೇ. ಪದದಲ್ಲಿ ಎಲ್ಲಿ ಬಂದಿದೆ ಅನ್ನೋದರ ಮೇಲೆ ಓದುವವರು ಉಚ್ಚಾರ ತೀರ್ಮಾನ ಮಾಡ್ತಾರೆ. ಗಂಗೆಯನ್ನು 'ಕಂಕೈ' ಅಂತ ಬರೆದು 'ಗಂಗೈ' ಅಂತ ಓದ್ತಾರೆ. ನಮ್ಮ ಗಾಮುಂಡನೂ ಕಲ್ಲಿನ ಮೇಲೆ 'ಕಾಮುಣ್ಟನ್' ಆಗಿರ್ತಾನೆ. ಈ ಗುಟ್ಟು ಗೊತ್ತಿಲ್ಲದವರು ಅಕ್ಷರ ಓದಿದರೂ ಗೌಡರನ್ನ ಪತ್ತೆಹಚ್ಚೋದಿಲ್ಲ!

ಹಾಗಾದ್ರೆ ಸಂಸ್ಕೃತ ಪದಗಳನ್ನ ಏನು ಮಾಡಿದರು? ಅದಕ್ಕೆ ಇನ್ನೊಂದು ಲಿಪಿಯೇ ಇತ್ತು, ಗ್ರಂಥ. ಪಲ್ಲವರ ಕಾಲದಿಂದ ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯೋಕೆ ಬಳಸಿದ ಲಿಪಿ ಇದು. ತಮಿಳು ಶಾಸನದ ಮೊದಲಲ್ಲಿ ಬರುವ 'ಸ್ವಸ್ತಿ ಶ್ರೀ' ಸಾಮಾನ್ಯವಾಗಿ ಗ್ರಂಥದಲ್ಲಿರುತ್ತೆ, ಆಮೇಲೆ ತಮಿಳು ಲಿಪಿ ಶುರು. ಮಧ್ಯೆ ದೇವರ ಹೆಸರೋ ಬಿರುದೋ ಬಂದರೆ ಮತ್ತೆ ಗ್ರಂಥದ ಅಕ್ಷರ ನುಸುಳುತ್ತೆ. ನಾವು ಚಾಟ್‌ನಲ್ಲಿ ಕನ್ನಡ ಬರೀತಾ ಮಧ್ಯೆ ಇಂಗ್ಲಿಷ್ ಅಕ್ಷರಕ್ಕೆ ಹಾರಿ ವಾಪಸ್ ಬರ್ತೀವಲ್ಲ, ಥೇಟ್ ಹಾಗೆ. ಇವತ್ತಿನ ತಮಿಳಲ್ಲಿ ಜ, ಷ, ಸ, ಹ ಬರೆಯೋಕೆ ಬಳಸೋ ಅಕ್ಷರಗಳು ಗ್ರಂಥದಿಂದಲೇ ಉಳಿದುಕೊಂಡವು.

ಗ್ರಂಥಕ್ಕೆ ಕರ್ನಾಟಕದಲ್ಲೂ ಒಂದು ಸಂಸಾರ ಇದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ತಾಳೆಗರಿಗಳ ಮೇಲೆ ಬಳಸಿದ ತಿಗಳಾರಿ ಲಿಪಿ ಅದರ ಕುಡಿ. 'ತಿಗುಳ', 'ತಿಗಳ' ಅಂದ್ರೆ ಹಳೇ ಕನ್ನಡದಲ್ಲಿ ತಮಿಳ ಅಂತ. ಲಿಪಿ ಎಲ್ಲಿಂದ ಬಂತು ಅನ್ನೋದು ಹೆಸರಲ್ಲೇ ಇದೆ. 2014ರಲ್ಲಿ ಗ್ರಂಥವೂ 2024ರಲ್ಲಿ ತುಳು-ತಿಗಳಾರಿಯೂ ಯೂನಿಕೋಡ್‌ಗೆ ಸೇರಿದವು. ಅಂದ್ರೆ ಈ ಅಕ್ಷರಗಳಿಗೆ ಈಗ ಡಿಜಿಟಲ್ ಲೋಕದಲ್ಲಿ ಖಾಯಂ ವಿಳಾಸ ಸಿಕ್ಕಿದೆ.

ತಮಿಳು ಬರಹದ ಇತಿಹಾಸ ಇದಕ್ಕಿಂತ ಹಳೆಯದು. ಮದುರೆ ಸುತ್ತಲಿನ ಗವಿಗಳಲ್ಲಿ ಕ್ರಿಸ್ತಪೂರ್ವ ಶತಮಾನಗಳ ತಮಿಳು-ಬ್ರಾಹ್ಮಿ ಇದೆ. ಅದರ ಓದಿಗೆ ಜೀವನವಿಟ್ಟವರು ಐರಾವತಂ ಮಹಾದೇವನ್. ಅವರ ದೊಡ್ಡ ಪುಸ್ತಕ 2003ರಲ್ಲಿ ಬಂತು. ಆಮೇಲೆ ದುಂಡುದುಂಡಾದ ವಟ್ಟೆಳುತ್ತು ಬಂತು, ಪಲ್ಲವರ ಕಾಲದಲ್ಲಿ ಈಗಿನ ತಮಿಳು ಲಿಪಿಯ ಪೂರ್ವರೂಪ ಬಂತು. ಚೋಳರು ಘಟ್ಟದ ಮೇಲೆ ತಂದದ್ದು ಈ ಕೊನೆಯದನ್ನ.

ಕಳೆದುಹೋದ ಎರಡು ಅಕ್ಷರ

ಕನ್ನಡಿಗರಿಗೆ ಇದರಲ್ಲಿ ಒಂದು ಬೋನಸ್ ಇದೆ. 'ತಮಿಳು' ಅನ್ನೋ ಪದದ ಕೊನೆಯ ಅಕ್ಷರ ನಮ್ಮ ನಾಲಿಗೆಗೆ ಸಿಗೋದಿಲ್ಲ, ಅಲ್ವಾ? ಒಂದು ಕಾಲದಲ್ಲಿ ಸಿಗುತ್ತಿತ್ತು. ಹಳಗನ್ನಡದಲ್ಲಿ ಅದಕ್ಕೆ ಅಕ್ಷರವೇ ಇತ್ತು, ೞ. ಮೞೆ, ಬಾೞೆ, ಏೞು ಅಂತ ಬರೀತಿದ್ದರು. ತಮಿಳಿನ ಮೞೈ, ವಾೞೈ, ಏೞು ಜೊತೆ ಹೋಲಿಸಿ ನೋಡಿ. ಚೋಳರನ್ನೂ ಹಳಗನ್ನಡದಲ್ಲಿ 'ಚೋೞ' ಅಂತಲೇ ಬರೆದದ್ದು. ಇನ್ನೊಂದು ಅಕ್ಷರ ಱ. ಆರು ಅನ್ನೋ ಅಂಕಿ 'ಆಱು' ಆಗಿತ್ತು, ತಮಿಳಲ್ಲಿ ಇವತ್ತಿಗೂ ಹಾಗೇ ಬರೀತಾರೆ. ಕನ್ನಡ ಈ ಎರಡನ್ನೂ ಕಾಲಕ್ರಮದಲ್ಲಿ ಕೈಬಿಟ್ಟಿತು. ಹಾಲು, ಹುಲಿ, ಹಳ್ಳಿ ಆಗ ಕನ್ನಡದಲ್ಲೂ ಪಾಲು, ಪುಲಿ, ಪಳ್ಳಿ. ರಾಜೇಂದ್ರ ಚೋಳನ ಬರಹಗಾರನೂ ಕುವಳಾಲದ ಗಾವುಂಡನೂ ಮುಖಾಮುಖಿ ಕೂತು ಮಾತಾಡಿದ್ದರೆ ಇವತ್ತಿನ ನಮಗಿಂತ ಸುಲಭವಾಗಿ ಒಬ್ಬರಿಗೊಬ್ಬರು ಅರ್ಥವಾಗ್ತಿದ್ದರು.

ನೀರಿನ ಪದಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆಗಳೇ ಬದುಕು. ತಮಿಳು ಶಾಸನದಲ್ಲಿ 'ಏರಿ' ಅಂದ್ರೆ ಕೆರೆ. ನಮ್ಮಲ್ಲಿ ಏರಿ ಅಂದ್ರೆ ಕೆರೆಯ ಕಟ್ಟೆ. ಶಾಸನದಲ್ಲಿ 'ಏರಿಯ ಕೆಳಗಿನ ಗದ್ದೆ' ಅಂತ ಇದ್ದರೆ ತಮಿಳಿನವರು ಕೆರೆ ಕೆಳಗಿನದು ಅಂತ ಓದ್ತಾರೆ, ನಾವು ಕಟ್ಟೆ ಕೆಳಗಿನದು ಅಂತ ಓದ್ತೀವಿ. ಇಬ್ಬರೂ ಹೋಗಿ ನಿಲ್ಲೋದು ಅದೇ ಅಚ್ಚುಕಟ್ಟಿನ ಗದ್ದೆಯಲ್ಲಿ! ನಮ್ಮ ತೂಬು ಅವರ ತೂಂಬು. ನಮ್ಮ 'ಕೆಱೆ'ಗೆ ತಮಿಳಿನ ಸೋದರ ಪದ 'ಚಿಱೈ'. ಕಿವಿಗೆ ಚೆವಿ, ಕೇರಿಗೆ ಚೇರಿ ಇದ್ದ ಹಾಗೆ.

ಮಾತು ತಮಿಳು, ಬರಹ ಕನ್ನಡ

ಕೋಲಾರದಲ್ಲಿ ಮಾತು ಮತ್ತು ಲಿಪಿ ಒಂದೇ ದಾರಿ ಹಿಡಿದದ್ದು ಕಡಿಮೆ. ಶ್ರೀನಿವಾಸಪುರದ ಕಡೆ ಹೋದರೆ ಮನೆಮಾತು ತೆಲುಗು, ಶಾಲೆಯ ಹಾಜರಿ ಪುಸ್ತಕ ಕನ್ನಡ, ಮಾವಿನ ಮಂಡಿಯ ಚೌಕಾಸಿ ಮೂರ್ನಾಲ್ಕು ಭಾಷೆಯಲ್ಲಿ. ಆ ಊರಿನ ಹೆಸರೇ ಮೊದಲು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರ ಮಗನ ಹೆಸರಿನಿಂದ ಶ್ರೀನಿವಾಸಪುರ ಆಯಿತು. ಮುಳಬಾಗಿಲು ಅಂದ್ರೆ 'ಮೂಡಲ ಬಾಗಿಲು', ಪೂರ್ವದ ಬಾಗಿಲು. ಬಾಗಿಲು ಅಂದಮೇಲೆ ಎರಡೂ ಕಡೆಯ ಮಾತು ಒಳಗೆ ಬರಲೇಬೇಕು.

ತಮಿಳಿನದೂ ಅದೇ ಕತೆ. ಕೋಲಾರ, ಮಾಲೂರು ಸೀಮೆಯ ತಿಗಳ ಸಮುದಾಯದ ಅನೇಕ ಮನೆಗಳಲ್ಲಿ ಮಾತು ತಮಿಳಿನ ಒಂದು ಬಗೆ. ತೋಟಗಾರಿಕೆ ಅವರ ಹಳೇ ಕಸುಬು, ಕರಗ ಅವರ ಹಬ್ಬ. ಆದರೆ ಓದು ಬರಹ ಕನ್ನಡದಲ್ಲಿ. ಕರ್ನಾಟಕದ ಅಯ್ಯಂಗಾರ್ ಮನೆಗಳಲ್ಲಿ ಮಾತು ತಮಿಳು, ಆದರೆ ಆಳ್ವಾರರ ನಾಲ್ಕು ಸಾವಿರದ ದಿವ್ಯ ಪ್ರಬಂಧವನ್ನು ಅವರಲ್ಲಿ ಅನೇಕರು ಓದೋದು ಕನ್ನಡ ಲಿಪಿಯ ಪುಸ್ತಕದಲ್ಲಿ. ತಮಿಳು ಪದ್ಯ, ಕನ್ನಡ ಅಕ್ಷರ!

ಇದರ ದೊಡ್ಡ ಹೆಸರು ಮಾಲೂರಿನದೇ. ಮಾಸ್ತಿ ವೆಂಕಟೇಶ ಅಯ್ಯಂಗಾರ್ 1891ರಲ್ಲಿ ಹುಟ್ಟಿದ್ದು ತಮಿಳು ಮನೆಮಾತಿನ ಕುಟುಂಬದಲ್ಲಿ. ಅವರ ಹೆಸರಿನಲ್ಲಿರೋ ಮಾಸ್ತಿ, ಮಾಲೂರು ತಾಲ್ಲೂಕಿನ ಊರು. ಆ ಮನೆಯಿಂದ ಬಂದವರು ಕನ್ನಡ ಸಣ್ಣಕತೆಗೆ ದಾರಿ ಹಾಕಿದರು, 'ಚಿಕವೀರ ರಾಜೇಂದ್ರ'ಕ್ಕೆ 1983ರ ಜ್ಞಾನಪೀಠ ಪಡೆದರು. 'ಮಾಸ್ತಿ ಕನ್ನಡದ ಆಸ್ತಿ' ಅನ್ನೋ ಮಾತನ್ನ ಎಲ್ಲರೂ ಕೇಳಿದ್ದೀವಿ. ಆ ಆಸ್ತಿಯ ಮನೆಮಾತು ತಮಿಳು ಅನ್ನೋದರಿಂದ ಅದು ಒಂದು ಗುಲಗಂಜಿಯೂ ಕಡಿಮೆಯಾಗೋದಿಲ್ಲ.

19ನೇ ಶತಮಾನದ ಕೊನೆಯಲ್ಲಿ ಚಿನ್ನದ ಗಣಿಗಾಗಿ ಉತ್ತರ ಆರ್ಕಾಟ್ ಕಡೆಯಿಂದ ಬಂದ ಕಾರ್ಮಿಕರ ತಮಿಳು ಮತ್ತೊಂದು ಅಲೆ. 2001ರಲ್ಲಿ ಗಣಿ ಮುಚ್ಚಿತು, ಕೆಜಿಎಫ್‌ನ ತಮಿಳು ಉಳಿಯಿತು. ಆದರೆ ನೆನಪಿಡಿ, ಕೋಲಾರದ ತಮಿಳು ಅಂದ ಕೂಡಲೇ ನಾವೆಲ್ಲ ಕೆಜಿಎಫ್ ಅಂತೀವಿ. ಅದಕ್ಕಿಂತ 850 ವರ್ಷ ಮೊದಲೇ ಕೋಲಾರಮ್ಮನ ಗೋಡೆ ಮೇಲೆ ತಮಿಳು ಇತ್ತು.

ಓದುವವರು ಯಾರು?

ಈ ಕಲ್ಲುಗಳನ್ನು ಮೊದಲು ಒಟ್ಟಾಗಿ ಪ್ರಕಟಿಸಿದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೇ ಸಂಪುಟ, 1905ರದ್ದು, ಕೋಲಾರ ಜಿಲ್ಲೆಗೇ ಮೀಸಲು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಅಂತ ತಾಲ್ಲೂಕುವಾರು ನಂಬರ್ ಹಾಕಿ, ಊರಿನ ಹೆಸರು, ಕಲ್ಲು ಎಲ್ಲಿದೆ, ಪಾಠ, ಇಂಗ್ಲಿಷ್ ಅನುವಾದ ಎಲ್ಲ ಕೊಟ್ಟಿದ್ದಾರೆ. ಸ್ಕ್ಯಾನ್ ಪ್ರತಿ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತೆ. ನಿಮ್ಮೂರಿನ ಹೆಸರು ಅದರಲ್ಲಿದೆಯಾ ಅಂತ ನೋಡೋಕೆ ಐದು ನಿಮಿಷ ಸಾಕು.

ಶಾಸನದ ಅಚ್ಚು ತೆಗೆಯೋ ವಿಧಾನ ನೂರಕ್ಕೂ ಹೆಚ್ಚು ವರ್ಷದಿಂದ ಒಂದೇ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಕೊರಕಲಿಗೆ ಕಾಗದ ಇಳಿಯುವ ಹಾಗೆ ಮಾಡ್ತಾರೆ. ಮೇಲೆ ಶಾಯಿಯ ಉಂಡೆ ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳೀ ಅಕ್ಷರ ಎದ್ದು ಬರುತ್ತೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ಶಾಖೆ ಇರೋದು ಮೈಸೂರಲ್ಲಿ. ದಶಕಗಳ ಅಚ್ಚುಪ್ರತಿಗಳ ದೊಡ್ಡ ಸಂಗ್ರಹ ಅಲ್ಲಿತ್ತು. 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠ, ತಮಿಳು ಶಾಸನಗಳ ಅಚ್ಚುಪ್ರತಿಗಳನ್ನು ಚೆನ್ನೈಗೆ ಸಾಗಿಸಬೇಕು ಅಂತ ಹೇಳಿತು. ತಮಿಳುನಾಡಿನ ಸಂಶೋಧಕರಿಗೆ ಅದು ಹತ್ತಿರವಾಯಿತು, ಸಂತೋಷ. ಆದರೆ ಕಾಗದ ಎಲ್ಲಿದ್ದರೂ ಕೋಲಾರದ ಕಲ್ಲು ಕೋಲಾರದಲ್ಲೇ ಇದೆ. ಅದನ್ನು ಕಾಯಬೇಕಾದವರು ಇಲ್ಲಿನವರೇ.

ಕಾಯ್ತಿದ್ದೀವಾ? ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಸ್ಥಾನದಂಥವು ಸಂರಕ್ಷಿತ ಸ್ಮಾರಕಗಳು, ಬಚಾವ್. ಹಳ್ಳಿಯ ಸಣ್ಣ ಗುಡಿಗಳ ಪಾಡೇ ಬೇರೆ. ಜೀರ್ಣೋದ್ಧಾರ ಅಂತ ಗೋಡೆಗೆ ಆಯಿಲ್ ಪೇಂಟ್ ಬಳೀತಾರೆ, ಮರಳು ಊದಿ ಉಜ್ಜುತಾರೆ, ಪಾಯದ ಮೇಲೆ ಟೈಲ್ಸ್ ಹಾಕ್ತಾರೆ. ಶಾಸನದ ಚಪ್ಪಡಿ ಬಟ್ಟೆ ಒಗೆಯೋ ಕಲ್ಲಾಗುತ್ತೆ, ಚರಂಡಿ ಮೇಲಿನ ಹಾಸಾಗುತ್ತೆ. ಕನ್ನಡದ ಕಲ್ಲಾಗಿದ್ದರೆ ಊರಲ್ಲಿ ಯಾರಾದರೂ ಒಬ್ಬರು 'ಏಯ್, ಏನೋ ಬರೆದಿದೆ ನೋಡ್ರೋ' ಅಂತ ತಡೀಬಹುದು. ತಮಿಳಿನದಕ್ಕೆ ಆ ಮಾತು ಆಡೋರೂ ಇಲ್ಲ. ತಮಿಳು ಮಾತಾಡೋ ಮನೆಯವರಿಗೆ ಲಿಪಿ ಬರೋದಿಲ್ಲ, ತಮಿಳು ಲಿಪಿ ಬರೋರಿಗೆ ಆ ಕಾಲದ ಅಕ್ಷರ ಬರೋದಿಲ್ಲ, ಉಳಿದವರಿಗೆ ಅದು ನಮ್ಮದಲ್ಲ ಅನ್ನೋ ಭಾವನೆ. ಮೂರೂ ಸೇರಿದರೆ ಕಲ್ಲು ಕಳೆದುಹೋಗೋಕೆ ಒಂದು ಮಧ್ಯಾಹ್ನ ಸಾಕು.

ತಮಾಷೆ ಅಂದ್ರೆ, ಕಲ್ಲು ಕೆತ್ತಿಸಿದವರಿಗೆ ಈ ಭಯ ಮೊದಲೇ ಇತ್ತು. ಕೊನೆಯಲ್ಲಿ ಶಾಪ ಹಾಕಿರ್ತಾರೆ. ಈ ಧರ್ಮ ಕೆಡಿಸಿದವನು ಗಂಗೆಯ ದಡದಲ್ಲಿ ಹಸು ಕೊಂದ ಪಾಪಕ್ಕೆ ಹೋಗಲಿ ಅಂತ ತಮಿಳು ಶಾಸನ ಹೇಳಿದರೆ, ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲಿ ಅಂತ ಕನ್ನಡ ಶಾಸನ ಹೇಳುತ್ತೆ. ಹಸು ಅದೇ, ನದಿ ಅದೇ, ಸಿಟ್ಟೂ ಅದೇ. ಆದರೆ ಓದೋಕೆ ಬಾರದವನಿಗೆ ಯಾವ ಶಾಪ ತಾಗೀತು?

ನೀವೇನು ಮಾಡಬಹುದು?

ಪಿಎಚ್.ಡಿ. ಬೇಡ. ನಾಲ್ಕು ವೀಕೆಂಡ್ ಸಾಕು.

- ಮೊದಲು ಈಗಿನ ತಮಿಳು ಅಕ್ಷರ ಕಲಿಯಿರಿ. 18 ವ್ಯಂಜನ, ದಿನಕ್ಕೆ ಮೂರರಂತೆ ಆರು ದಿನ. ಟ ಅಕ್ಷರ ಇಂಗ್ಲಿಷಿನ ಎಲ್ ಥರ, ಪ ಅಕ್ಷರ ಯು ಥರ ಇರುತ್ತೆ. ಚೋಳರ ಕಲ್ಲಲ್ಲೂ ಇವೆರಡು ಹೆಚ್ಚುಕಡಿಮೆ ಹಾಗೇ ಇವೆ. ಕಣ್ಣಿಗೆ ಮೊದಲು ಬೀಳೋದೂ ಇವೇ.

- ಕಲ್ಲಿನ ಮೇಲೆ ಚುಕ್ಕಿ ಹುಡುಕಬೇಡಿ. ಈಗಿನ ತಮಿಳಲ್ಲಿ ಅರ್ಧಾಕ್ಷರದ ಮೇಲೆ 'ಪುಳ್ಳಿ' ಅನ್ನೋ ಚುಕ್ಕಿ ಇರುತ್ತೆ. ಶಾಸನಗಳಲ್ಲಿ ಅದನ್ನ ಸಾಮಾನ್ಯವಾಗಿ ಹಾಕೋದಿಲ್ಲ. ಎ, ಏ ಭೇದವೂ ಕಾಣೋದಿಲ್ಲ. ಈಗಿನ ರೀತಿಯಲ್ಲಿ ಆ ಭೇದ ತೋರಿಸೋ ಪದ್ಧತಿ 18ನೇ ಶತಮಾನದಲ್ಲಿ ವೀರಮಾಮುನಿವರ್ ಅಂತ ಹೆಸರಾದ ಬೆಸ್ಕಿ ಪಾದ್ರಿಗಳಿಂದ ಬಂತು.

- ಅಜ್ಜಿ ಮನೆಯ ಹಳೇ ತಮಿಳು ಪುಸ್ತಕ ಬೇರೆ ಥರ ಕಂಡರೆ ಗಾಬರಿ ಬೇಡ. ಪೆರಿಯಾರ್ 1935ರಲ್ಲಿ ತಮ್ಮ ಪತ್ರಿಕೆಯಲ್ಲಿ ಬಳಸಿದ ಸರಳ ರೂಪಗಳನ್ನು ಎಂಜಿಆರ್ ಸರ್ಕಾರ 1978ರಲ್ಲಿ ಅಧಿಕೃತ ಮಾಡಿತು. ಆನೆ ಸೊಂಡಿಲಿನಂತಿದ್ದ 'ಲೈ', 'ಣೈ'ಗಳು ಆಗ ನೇರವಾದವು.

- ಅಂಕಿ ಬಂದರೆ ನಿಧಾನಿಸಿ. ಹಳೇ ತಮಿಳಲ್ಲಿ 10, 100, 1000ಕ್ಕೆ ಬೇರೆ ಬೇರೆ ಚಿಹ್ನೆ. 253 ಬರೆಯೋಕೆ ಎರಡು, ನೂರು, ಐದು, ಹತ್ತು, ಮೂರು ಅಂತ ಐದು ಗುರುತು ಬೇಕು.

- ಕಲ್ಲಿಗೆ ಸುಣ್ಣ, ಚಾಕ್, ಅರಿಶಿನ, ಹಿಟ್ಟು ಏನನ್ನೂ ಬಳಿಯಬೇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಫೋಟೊ ತೆಗೀರಿ, ನೆರಳಿಗೆ ಅಕ್ಷರ ತಾನೇ ಎದ್ದು ಕಾಣುತ್ತೆ. ರಾತ್ರಿಯಾದರೆ ಒಬ್ಬರು ಪಕ್ಕದಿಂದ ಟಾರ್ಚ್ ಹಿಡೀಲಿ, ಇನ್ನೊಬ್ಬರು ಕ್ಲಿಕ್ ಮಾಡಲಿ.

- ಫೋಟೊ ಜೊತೆ ಲೊಕೇಶನ್ ಉಳಿಸಿ. ರೈಸ್ ಪುಸ್ತಕದ ನಂಬರ್ ಜೊತೆ ತಾಳೆ ಹಾಕಿ. ಬೆಂಗಳೂರು ಸೀಮೆಯ ಶಾಸನಗಳನ್ನು ಮಿಥಿಕ್ ಸೊಸೈಟಿಯ ತಂಡ 3ಡಿ ಸ್ಕ್ಯಾನ್ ಮಾಡಿ, ಅಕ್ಷರ ಅಕ್ಷರವಾಗಿ ದಾಖಲಿಸುತ್ತಿದೆ. ಇಂಥ ಕೆಲಸಕ್ಕೆ ಮೊದಲ ಸುಳಿವು ಬರೋದು ಊರಿನವರಿಂದಲೇ.

ನಿಮ್ಮ ಫೋನಿನ ಅನುವಾದ ಆಪ್ ಇವತ್ತಿನ ತಮಿಳು ಬೋರ್ಡ್ ಓದಿಕೊಡುತ್ತೆ. ಸಾವಿರ ವರ್ಷದ ಕಲ್ಲಿನ ಮುಂದೆ ಅದು ಕೈಚೆಲ್ಲುತ್ತೆ. ಅಲ್ಲಿಗೆ ಇನ್ನೂ ಮನುಷ್ಯರ ಕಣ್ಣೇ ಬೇಕು.

ತಮಿಳಿಗೆ 2004ರಲ್ಲಿ, ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಮಾನ್ಯತೆ ಸಿಕ್ಕಿತು. ಯಾವುದು ಹಳೆಯದು, ಯಾವುದು ದೊಡ್ಡದು ಅಂತ ಆನ್‌ಲೈನ್ ಜಗಳ ನಡೀತಾನೇ ಇರುತ್ತೆ. ನಡೀಲಿ. ಆ ಹೊತ್ತಿಗೆ ಮಾಲೂರು ಕಡೆಯ ಯಾವುದೋ ಗುಡಿಯ ಗೋಡೆಗೆ ಪೇಂಟ್ ಡಬ್ಬ ಬಂದಿರಬಹುದು. ಅಲ್ಲಿ ಒಬ್ಬ ಗಾಮುಂಡನ್ ತನ್ನ ಕೆರೆಗೆ ತೂಬು ಇಡಿಸಿದ ಲೆಕ್ಕ ಬರೆಸಿರಬಹುದು. ಆ ಕೆರೆಗೆ ಇವತ್ತು ಬೆಂಗಳೂರಿನ ಕೆ.ಸಿ. ವ್ಯಾಲಿ ನೀರು ಬರ್ತಾ ಇರಬಹುದು, ಅದರ ಕೆಳಗಿನ ಗದ್ದೆಯ ಪಹಣಿ ನಿಮ್ಮ ತಾತನ ಹೆಸರಲ್ಲೇ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ದೇವಸ್ಥಾನದ ಸುತ್ತು ಹಾಕುವಾಗ ಗೋಡೆ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಎಲ್ ಥರದ ಟ, ಯು ಥರದ ಪ ಕಂಡರೆ ನಿಂತು ಒಂದು ಫೋಟೊ ತೆಗೀರಿ.